ಮೂರು ತಿಂಗಳ ಸೂಜಿ

ನಾನು ಕೆಲಸಕ್ಕೆ ಸೇರಿದ್ದು ವಿಜಯಾ ಬ್ಯಾಂಕಿಗೆ. 2019ರ ಏಪ್ರಿಲ್ 1ರಂದು ಅದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಎರಡು ವರ್ಷ ಕಳೆದು ನಿವೃತ್ತನಾಗಿ ನಾನೂ ಬರೋಡಾಕ್ಕೆ ಬಂದೆ. ಮಗನಿಗೆ ಮಕರಪುರದ ಕಾರ್ಖಾನೆಯೊಂದರಲ್ಲಿ ಕೆಲಸ, ಮನೆ ಪಕ್ಕದ ಮಂಜಲ್‌ಪುರದಲ್ಲಿ. "ಬ್ಯಾಂಕಿನ ಹಿಂದೆ ಮ್ಯಾನೇಜರೂ ವಿಲೀನವಾದರು" ಅಂತ ಪುತ್ತೂರಿನ ಭಾವ ನಗಾಡಿದ. ಎರಡು ತಿಂಗಳಿದ್ದು ತೋಟಕ್ಕೆ ವಾಪಸಾಗುವ ಲೆಕ್ಕ ನನ್ನದು. ಅಷ್ಟರಲ್ಲಿ ಪಿ.ಎಸ್.ಎ. ರಿಪೋರ್ಟು ಬಂತು. ಪ್ರಾಸ್ಟೇಟ್ ಕ್ಯಾನ್ಸರ್.

ಡಾಕ್ಟರು ಲ್ಯೂಪ್ರೊಲೈಡ್ ಎಂಬ ಸೂಜಿ ಬರೆದರು. ಈ ಕಾಯಿಲೆಗೆ ಗಂಡಸಿನ ಹಾರ್ಮೋನೇ ಗೊಬ್ಬರವಂತೆ. ಆ ಗೊಬ್ಬರ ಸಿಗದ ಹಾಗೆ ಮಾಡುವ ಔಷಧಿ ಇದು. ತಿಂಗಳಿಗೊಂದು ಸಲ. ಮಂಗಳೂರಿನಲ್ಲಿ ಸಿಗದ್ದೇನಲ್ಲ, ಆದರೆ ಮಗ ಒಪ್ಪಲಿಲ್ಲ. "ಫೈಲು ಇಲ್ಲಿದೆ, ಡಾಕ್ಟರೂ ಇಲ್ಲಿದ್ದಾರೆ, ನೀವು ಅಲ್ಲಿ ಒಬ್ಬರೇ ಏನು ಮಾಡ್ತೀರಿ ಅಪ್ಪ?" ಹೋಗಿಬರುವುದಕ್ಕೇ ನಾಲ್ಕು ದಿನ ಬೇಕು. ತಿಂಗಳಿಗೊಂದು ಸೂಜಿ ಅಂದರೆ ಇನ್ನು ಊರು ಇಲ್ಲ ಅಂತಲೇ ಅರ್ಥ ಮಾಡಿಕೊಂಡೆ. ಒಂದಿಷ್ಟು ದಿನ ಮನೆಯಲ್ಲಿ ಎಲ್ಲರ ಮೇಲೂ ರೇಗಾಡಿದೆ.

ಮೇಲಿನ ಮಹಡಿಯ ಹುಡುಗಿ ಎಂ.ಎಸ್. ಯೂನಿವರ್ಸಿಟಿಯಲ್ಲಿ ಎಂ.ಫಾರ್ಮ್. ಓದುತ್ತಿದ್ದಳು. ಒಂದು ಭಾನುವಾರ ಖಮಣ್ ತಟ್ಟೆ ಹಿಡಿದು ಬಂದವಳು ಮೇಜಿನ ಮೇಲಿದ್ದ ಔಷಧಿಯ ಪೆಟ್ಟಿಗೆ ನೋಡಿ, "ಕಾಕಾ, ಇದರ ತಮ್ಮಂದಿರನ್ನೇ ನಾನು ಲ್ಯಾಬಿನಲ್ಲಿ ಮಾಡೋದು" ಅಂದಳು. ನನಗೆ ಎಂ.ಕಾಂ. ತಲೆ. ಅವಳ ಹಿಂದಿಗೂ ನನ್ನ ಹಿಂದಿಗೂ ಅಷ್ಟಕ್ಕಷ್ಟೆ. ಆದರೂ ತಿಳಿಯಿತು.

ಪೆಟ್ಟಿಗೆಯೊಳಗಿನ ಬಿಳಿ ಪುಡಿ ಬರೀ ಔಷಧಿಯಲ್ಲ. ಒಂದೊಂದು ಕಣವೂ ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿನ ಆಸುಪಾಸಿನ ಗುಂಡು. ಗುಂಡು ಪಿ.ಎಲ್.ಜಿ.ಎ. ಎಂಬ ಪಾಲಿಮರಿನದು, ಔಷಧಿ ಅದರೊಳಗೆ ಸಿಕ್ಕಿಕೊಂಡಿರುತ್ತದೆ. ಪಾಲಿಮರನ್ನು ಡೈಕ್ಲೋರೋಮೀಥೇನಿನಲ್ಲಿ ಕರಗಿಸಿ, ಔಷಧಿಯ ನೀರನ್ನು ಅದಕ್ಕೆ ಹಾಕಿ ಕಡೆಯಬೇಕು. ಆಮೇಲೆ ಅದನ್ನು ಇನ್ನಷ್ಟು ನೀರಿಗೆ ಸುರಿದು ಮತ್ತೆ ಕಡೆದರೆ ಹನಿಹನಿಯಾಗುತ್ತದೆ. ಡೈಕ್ಲೋರೋಮೀಥೇನ್ ಆವಿಯಾಗಿ ಹೋದಂತೆ ಹನಿಗಳು ಗಟ್ಟಿಯಾಗಿ ಗುಂಡಾಗುತ್ತವೆ. ಮೈಯೊಳಗೆ ಹೋದ ಮೇಲೆ ನೀರು ತಾಗಿ ಪಾಲಿಮರಿನ ಸರಪಣಿ ತುಂಡಾಗುತ್ತಾ ಬರುತ್ತದೆ, ಔಷಧಿ ಸ್ವಲ್ಪಸ್ವಲ್ಪವೇ ಹೊರಗೆ ಬರುತ್ತದೆ. ಕೊನೆಗೆ ಉಳಿಯುವುದರಲ್ಲಿ ಒಂದು ಲ್ಯಾಕ್ಟಿಕ್ ಆಸಿಡ್, ಅಂದರೆ ನಮ್ಮ ಮೊಸರಿನ ಹುಳಿ. ಆಪರೇಷನ್ನಿನ ಕರಗುವ ದಾರವೂ ಇದೇ ಜಾತಿಯದಂತೆ.

"ಹಾಗಾದರೆ ಇದು ಎಫ್.ಡಿ.ಯ ತಿಂಗಳ ಬಡ್ಡಿ" ಅಂದೆ. "ಬಡ್ಡಿ ಮಾತ್ರ ಅಲ್ಲ ಕಾಕಾ, ಅಸಲೂ ಕರಗುತ್ತದೆ" ಅಂದಳು. ಚುರುಕು ಹುಡುಗಿ.

1985ರಲ್ಲಿ ಅಮೆರಿಕದಲ್ಲಿ ಈ ಔಷಧಿ ಬಂದಾಗ ದಿನಾ ಚುಚ್ಚಿಕೊಳ್ಳಬೇಕಿತ್ತು. ಜಪಾನಿನ ತಕೇಡಾ ಕಂಪೆನಿಯವರು ಅದನ್ನು ಇಂಥ ಗುಂಡಿನೊಳಗೆ ಕೂರಿಸಿದರು, 1989ರಿಂದ ತಿಂಗಳಿಗೊಂದಾಯಿತು. ನನ್ನಂಥವರು ವರ್ಷದಲ್ಲಿ 353 ಸೂಜಿ ಉಳಿಸಿಕೊಂಡೆವು.

ಅವಳ ಪ್ರಾಜೆಕ್ಟು ಬೇರೆ. ತೂತುತೂತಾದ, ಹಗುರವಾದ ಗುಂಡು, ಉಸಿರಿನಲ್ಲಿ ಎಳೆದುಕೊಳ್ಳುವಂಥದ್ದು. ಖಮಣ್ ತುಂಡು ಮುರಿದು ತೋರಿಸಿದಳು. ಹಿಟ್ಟಿಗೆ ಸೋಡಾ ಹಾಕಿದಂತೆ ಅವರು ಅಮೋನಿಯಂ ಬೈಕಾರ್ಬೊನೇಟ್ ಹಾಕುತ್ತಾರೆ. ಗ್ಯಾಸು ಹೊರಟು ತೂತು ಉಳಿಯುತ್ತದೆ. ಕಣ ದೊಡ್ಡದಾದರೂ ಹಗುರವಿದ್ದರೆ ಗಂಟಲಲ್ಲಿ ಕೂರದೆ ಶ್ವಾಸಕೋಶದ ಆಳಕ್ಕೆ ಹೋಗುತ್ತದೆ. 1997ರಲ್ಲಿ ಡೇವಿಡ್ ಎಡ್ವರ್ಡ್ಸ್, ರಾಬರ್ಟ್ ಲ್ಯಾಂಗರ್ ಮೊದಲಾದವರು ಇಲಿಗಳಿಗೆ ಹೀಗೆ ಇನ್ಸುಲಿನ್ ಕೊಟ್ಟಾಗ ಅದರ ಪರಿಣಾಮ 96 ಗಂಟೆ ಇತ್ತು. ಅವಳ ಬಾ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುವವರು. ಅವಳ ಹಟಕ್ಕೆ ಕಾರಣ ಅದೇ ಇರಬೇಕು. ಆದರೆ ತೂತು ಹೆಚ್ಚಾದರೆ ಮೊದಲ ದಿನವೇ ಔಷಧಿಯೆಲ್ಲ ಸೋರಿಹೋಗುತ್ತದಂತೆ. ನಿವೃತ್ತಿಯ ಹಣವನ್ನು ಮೊದಲ ತಿಂಗಳೇ ಖರ್ಚು ಮಾಡಿ ಕೈಚೆಲ್ಲಿ ಕೂತವರನ್ನು ನಾನು ಎಷ್ಟು ಕಂಡಿಲ್ಲ! ಅವಳ ಆರು ತಿಂಗಳ ಕೆಲಸ ಹೀಗೇ ಸೋರಿತು. ಅತ್ತಳು ಕೂಡ, ನಮ್ಮನೆಯವಳ ಹತ್ತಿರ.

ನನ್ನದೂ ಒಂದು ಸಲ ಕೆಟ್ಟಿತು. ಒಂದು ಕ್ಲಿನಿಕ್ಕಿನಲ್ಲಿ ಹೊಸ ನರ್ಸ್ ಪುಡಿಗೆ ದ್ರಾವಣ ಹಾಕಿ, ಸಿರಿಂಜು ಪಕ್ಕಕ್ಕಿಟ್ಟು ಫೋನಿಗೆ ಹೋದಳು. ಈ ಪುಡಿ ಕರಗುವುದಿಲ್ಲ, ತೇಲುತ್ತದೆ, ಬಿಟ್ಟರೆ ತಳ ಸೇರುತ್ತದೆ. ಸೂಜಿ ಕಟ್ಟಿಕೊಂಡಿತು. ಸಾವಿರಾರು ರೂಪಾಯಿ ಕಸದ ಬುಟ್ಟಿಗೆ! ಈಗ ನಾನೇ "ಸಿಸ್ಟರ್, ಚೆನ್ನಾಗಿ ಕಲಕಿ, ಕೂಡಲೇ ಕೊಡಿ" ಅಂತೇನೆ. ಕೆಲವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಸೂಜಿ ಬಿದ್ದ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಮೈಯೆಲ್ಲ ಬಿಸಿಯೇರಿ ಬೆವರುತ್ತದೆ. ಫ್ಯಾನು ಜೋರು ಮಾಡು ಅಂದರೆ ನಮ್ಮನೆಯವಳು, "ಐವತ್ತರಲ್ಲಿ ನನಗೆ ಆದದ್ದು ಇದೇ. ಆಗ ಬ್ಯಾಂಕಿನಿಂದ ಬಂದು ಪೇಪರ್ ಓದ್ತಿದ್ರಿ" ಅಂದಳು. ಉತ್ತರ ಹೊಳೆಯಲಿಲ್ಲ.

ಮೂರು ತಿಂಗಳಿಗೊಂದು ಬರುವ ಸೂಜಿಯೂ ಇದೆ ಅಂತ ಹೇಳಿದ್ದು ಆ ಹುಡುಗಿಯೇ. ಪಾಲಿಮರಿನಲ್ಲಿ ಲ್ಯಾಕ್ಟಿಕ್ ಭಾಗ ಹೆಚ್ಚಿದ್ದಷ್ಟೂ ಕರಗುವುದು ನಿಧಾನ. ಡಾಕ್ಟರನ್ನು ಕೇಳಿದೆ. ಪಿ.ಎಸ್.ಎ. ಇಳಿದಿತ್ತು, ಒಪ್ಪಿದರು. ಸೂಜಿ ಹಾಕಿಸಿಕೊಂಡ ಮೂರನೇ ದಿನ ಕೊಂಕಣ ರೈಲು ಹತ್ತಿದೆವು. ಮಗ ಸ್ಟೇಷನ್ನಿಗೆ ಬಂದು ಫೈಲಿನ ಜೆರಾಕ್ಸ್ ಕೈಗಿಟ್ಟ.

ಇದನ್ನು ಬರೆಯುತ್ತಿರುವುದು ಪುತ್ತೂರಿನ ಜಗಲಿಯಲ್ಲಿ, ಹೊರಗೆ ಮಳೆ. ಕ್ಯಾಲೆಂಡರಿನಲ್ಲಿ ವಾಪಸು ಹೋಗುವ ದಿನಕ್ಕೆ ಗುರುತು ಹಾಕಿದ್ದೇನೆ, ಇನ್ನೂ ಐದು ವಾರ ಇದೆ. ಹುಡುಗಿ ಹಲಸಿನ ಹಪ್ಪಳ ಕೇಳಿದ್ದಾಳೆ. ಬಿಸಿಲಿನಲ್ಲಿ ಒಣಗಿಸಿಟ್ಟದ್ದು ಡಬ್ಬದಲ್ಲಿದೆ, ಕಟ್ಟಿಸಬೇಕು.