ಅದು ಅವರ ಸೀಟಿನ ಕೆಲಸವಾಗಿರಲಿಲ್ಲ

ಈಗಷ್ಟೇ ಚೆನ್ನೈನ ಚೇಪಾಕಿನಲ್ಲಿ, ಮದ್ರಾಸ್ ವಿಶ್ವವಿದ್ಯಾಲಯದ ಆವರಣದಲ್ಲಿ ಕಂಡದ್ದು. ಹೊಸೂರಿನ ಕಡೆಯ ಹುಡುಗನೊಬ್ಬ ಚಲನ್ ಹಿಡ್ಕೊಂಡು ತಪ್ಪು ಕೌಂಟರ್ ಮುಂದೆ ನಿಂತಿದ್ದ. ಒಳಗಿದ್ದ ಹೆಣ್ಣುಮಗಳು ಊಟದ ಡಬ್ಬಿ ಅರ್ಧಕ್ಕೇ ಮುಚ್ಚಿಟ್ಟು ಎದ್ದು ಬಂದ್ರು. ತಮಿಳಿನಲ್ಲಿ "ವಾಪ್ಪಾ" (ಬಾಪ್ಪಾ) ಅಂತ ಕರೆದು, ಅರ್ಜಿ ತುಂಬಿಸಿ, ಸರಿಯಾದ ಸೆಕ್ಷನ್ನಿನ ಮೇಜಿನ ತನಕ ಬಿಟ್ಟುಬಂದ್ರು.

ನಿಮಗ್ಯಾಕೆ ಮೇಡಂ ಈ ತೊಂದರೆ ಅಂದೆ. "ನಾನು ಹೊಸದಾಗಿ ಸೇರಿದಾಗ ನಮ್ಮ ಸೂಪರಿಂಟೆಂಡೆಂಟ್ ಪಕ್ಕದಲ್ಲೇ ಕೂತು ಫೈಲ್ ಕೆಲಸ ಕಲಿಸಿದ್ರು. ನಮ್ಮ ಸೆಕ್ಷನ್ನಿನಲ್ಲಿ ಎಲ್ಲರೂ ಹಾಗೇ."

ಯಾರೂ ಹೇಳದೆ, ಬಡ್ತಿಯ ಲೆಕ್ಕಕ್ಕೂ ಬಾರದೆ ಮಾಡುವ ಇಂಥ ಕೆಲಸದ ಬಗ್ಗೆ ಅಮೆರಿಕದ ಸಂಶೋಧಕ ಡೆನಿಸ್ ಆರ್ಗನ್ 1988ರಲ್ಲೇ ಪುಸ್ತಕ ಬರೆದಿದ್ದಾರೆ. ಕೆಲಸದಲ್ಲಿ ತೃಪ್ತಿ ಇದ್ದವರು, ಇಲ್ಲಿ ನನಗೆ ನ್ಯಾಯ ಸಿಗ್ತಿದೆ ಅನ್ನಿಸಿದವರು ತಾವಾಗಿಯೇ ಕೈಜೋಡಿಸ್ತಾರೆ ಅನ್ನೋದು ಅದರ ತಿರುಳು.

ಆದರೆ ನನಗೆ ಗೊತ್ತಿರುವ ಒಂದು ಕಾಲೇಜು ಕಚೇರಿಯಲ್ಲಿ ಪಕ್ಕದ ಮೇಜಿನ ಫೈಲ್ ಮುಗಿಸಿಕೊಟ್ಟ ಗುಮಾಸ್ತರಿಗೆ ಮೆಮೊ ಕೊಟ್ಟರು. ಮಾರನೇ ದಿನದಿಂದ "ಅದು ನಮ್ಮ ಸೆಕ್ಷನ್ ಅಲ್ಲ" ಅನ್ನೋದೇ ಎಲ್ಲರ ಬಾಯಲ್ಲಿ! ಅವರೇನೂ ಕೆಟ್ಟವರಲ್ಲ. ಆಚೆ ಬಸ್ ಸ್ಟಾಪಿನಲ್ಲಿ ಕೇಳಿದರೆ ದಾರಿ ತೋರಿಸಿ ಬಸ್ಸು ಹತ್ತಿಸುವ ಮಂದಿ. ಒಳಗೆ ಬಂದ ಕೂಡಲೇ ಕೈಕಟ್ಟಿ ಕೂರುವ ಹಾಗೆ ಮಾಡಿದ್ದು ಆ ಕಚೇರಿಯ ವಾತಾವರಣ. ಜನರನ್ನು ದೂರುವ ಮೊದಲು ಮೇಲಿನವರನ್ನು ಕೇಳಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತೆ.

ಕಾಲೇಜು, ವಿಶ್ವವಿದ್ಯಾಲಯಗಳ ಕಚೇರಿಗಳಲ್ಲಿರುವ ಗೆಳೆಯರೇ, ನಿಮ್ಮಲ್ಲಿ ಹೇಗೆ? ಒಬ್ಬ ಅಧಿಕಾರಿ ಬದಲಾದ ಮೇಲೆ ಇಡೀ ಸೆಕ್ಷನ್ನೇ ಬದಲಾದದ್ದನ್ನು ನೋಡಿದ್ದೀರಾ?