444 ಮೀಟರ್ ಉದ್ದದ ಅಲೆ

ನಾವು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದಾಗ ನಮ್ಮ ಮನೆಗೆ ಗಡಿಯಾರವೇ ಬೇಕಿರಲಿಲ್ಲ. ಪಾಳಿ ಬದಲಾಗುವಾಗ ಸೈರನ್ ಕೂಗುತ್ತಿತ್ತು. ಉಳಿದ ಹೊತ್ತನ್ನು ಭದ್ರಾವತಿ ಆಕಾಶವಾಣಿ ಹೇಳುತ್ತಿತ್ತು. ರೇಡಿಯೋದ ಮುಳ್ಳು 675ರಲ್ಲಿ ನಿಂತರೆ ಮತ್ತೆ ಅಲ್ಲಾಡುವಂತಿರಲಿಲ್ಲ. ಅಲ್ಲಾಡಿಸಿದವರಿಗೆ ಅಮ್ಮನ ಬೈಗುಳ ಖಾತ್ರಿ.

ಹತ್ತನೆಯ ತರಗತಿಯಲ್ಲಿದ್ದಾಗ ಒಂದು ದಿನ ನಮ್ಮ ವಿಜ್ಞಾನದ ಮೇಷ್ಟ್ರು, "ಬೆಳಕಿನ ವೇಗವನ್ನು ಆ ಸಂಖ್ಯೆಯಿಂದ ಭಾಗಿಸ್ರೋ, ನಿಮ್ಮ ಮನೆಯೊಳಗೆ ಬರೋ ಅಲೆ ಎಷ್ಟುದ್ದ ಅಂತ ಗೊತ್ತಾಗುತ್ತೆ" ಎಂದರು. ಸೆಕೆಂಡಿಗೆ 30 ಕೋಟಿ ಮೀಟರ್. 675 ಕಿಲೋಹರ್ಟ್ಜ್ ಎಂದರೆ ಸೆಕೆಂಡಿಗೆ 6,75,000 ಅಲೆ. ದಿನಸಿ ಚೀಟಿಯ ಹಿಂಬದಿಯಲ್ಲಿ ಮೂರು ಸಲ ಭಾಗಿಸಿದೆ. ಮೂರು ಸಲವೂ 444 ಮೀಟರ್ ಬಂತು. ನಮ್ಮ ಬೀದಿಗಿಂತ ಉದ್ದದ ಅಲೆ ನಮ್ಮ ಪುಟ್ಟ ಕಿಟಕಿಯಿಂದ ಒಳಗೆ ಬಂದು ಚಿತ್ರಗೀತೆ ಹಾಡುತ್ತದಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪನಿಗೆ ಚೀಟಿ ತೋರಿಸಿದೆ. ಅವರು ಅದನ್ನು ತಿರುಗಿಸಿ, "ಎಣ್ಣೆ ಬಾಕಿ ಬರೆದಿದ್ಯಾ?" ಎಂದು ಕೇಳಿದರು.

ಆ ವರ್ಷ ನನಗೆ ಗಣಿತದಲ್ಲಿ 96 ಬಂತು. ಆದರೂ ಕಾಲೇಜಿಗೆ ಹೋದದ್ದು ಆರ್ಟ್ಸಿಗೆ. ಸೈನ್ಸ್ ಎಂದರೆ ಪ್ರಾಕ್ಟಿಕಲ್, ಪ್ರಾಕ್ಟಿಕಲ್ ಎಂದರೆ ಶಿವಮೊಗ್ಗದಿಂದ ಬರುವಾಗ ಕತ್ತಲು ಎಂದರು ಅಪ್ಪ. ಅಜ್ಜಿಯ ಚಿಂತೆ ಇನ್ನೂ ದೂರದ್ದು: "ಅವಳಿಗಿಂತ ಹೆಚ್ಚು ಓದಿದ ಗಂಡನ್ನ ಎಲ್ಲಿಂದ ತರ್ತೀಯೋ?" ಹೀಗೆ ಇತಿಹಾಸ ಓದಿ ಬಿ.ಎ. ಆಯಿತು, ಬಿ.ಎಡ್. ಆಯಿತು. ಮದುವೆಯಾಗಿ ಶಿವಮೊಗ್ಗ ಸೇರಿದೆ, ಕೆಲಸ ಮಾತ್ರ ಭದ್ರಾವತಿಯ ಶಾಲೆಯಲ್ಲೇ ಸಿಕ್ಕಿತು. ಸಮಾಜ ವಿಜ್ಞಾನ ಪಾಠ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೇನೆ. ಕೆಟ್ಟದ್ದೇನೂ ಆಗಲಿಲ್ಲ. ಅದನ್ನೇ ಹೇಳಿಕೊಂಡು ಇಷ್ಟು ವರ್ಷ ಕಳೆದೆ.

ಡಿಸೆಂಬರ್ 22, ರಾಮಾನುಜನ್ ಹುಟ್ಟಿದ ದಿನ. 2012ರಿಂದ ಅದು ರಾಷ್ಟ್ರೀಯ ಗಣಿತ ದಿನ. ಕಳೆದ ವರ್ಷ ಗಣಿತದ ಮೇಷ್ಟ್ರು ರಜೆ ಹಾಕಿದ್ದರಿಂದ ಆ ದಿನದ ಭಾಷಣ ನನ್ನ ಪಾಲಿಗೆ ಬಂತು. ನಾನು ರಾಮಾನುಜನ್ ಕತೆ ಮುಗಿಸುತ್ತಿದ್ದಂತೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, "ಮಿಸ್, ಲೆಕ್ಕದಲ್ಲಿ ನಮ್ಮ ಕಡೆ ಹೆಂಗಸರು ಯಾರೂ ಇಲ್ವಾ?" ಎಂದಳು. ಯಾರೋ "ಶಕುಂತಲಾದೇವಿ" ಎಂದರು. "ಅದು ಕೂಡೋದು ಕಳೆಯೋದು, ಮೆಷಿನ್ನೂ ಮಾಡುತ್ತೆ" ಎಂದಳು ಈ ತಲೆಹರಟೆ. ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಟೀಚರುಗಳ ಈ 'ನಾಳೆ' ನಿಮಗೂ ಗೊತ್ತಿರಬಹುದು.

ಹುಡುಕುವಾಗ ಸಿಕ್ಕವರು ರಾಜೇಶ್ವರಿ ಚಟರ್ಜಿ. ಹೆಸರು ಬಂಗಾಳಿ, ಹುಟ್ಟು ಕನ್ನಡ ನಾಡಿನದು, 1922ರಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರು, ಗಂಡ ಬಿಟ್ಟವರು ಓದಲೆಂದು ದುಡಿದವರು. ಮೊಮ್ಮಗಳು ಅಕ್ಷರ ಕಲಿತದ್ದು ಆ ಅಜ್ಜಿಯೇ ಕಟ್ಟಿದ ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿ. ಇದನ್ನು ಓದಿ ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಅಜ್ಜಿಯ ಮೇಲೆ ಸಿಟ್ಟಿನಿಂದಲ್ಲ. ಪಾಪ, ಆಕೆಗೆ ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ.

ಮುಂದಿನ ಸಂಗತಿ ನನ್ನನ್ನು ಇನ್ನೂ ಚುಚ್ಚಿತು. ಶಾಲೆ ಮುಗಿಸಿದಾಗ ರಾಜೇಶ್ವರಿಯವರಿಗೆ ಇತಿಹಾಸ ತೆಗೆದುಕೊಳ್ಳುವ ಆಸೆಯಿತ್ತಂತೆ. ಯೋಚಿಸಿ, ಕೊನೆಗೆ ತಾವೇ ವಿಜ್ಞಾನ, ಗಣಿತ ಆರಿಸಿಕೊಂಡರು. ನನಗೆ ಇದರ ತಿರುವುಮುರುವು ಆಗಿತ್ತು, ಆರಿಸಿದ್ದೂ ನಾನಲ್ಲ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಆನರ್ಸ್, ಸ್ನಾತಕೋತ್ತರ ಪದವಿ, ಎರಡರಲ್ಲೂ ಮೈಸೂರು ವಿಶ್ವವಿದ್ಯಾನಿಲಯಕ್ಕೇ ಮೊದಲಿಗರು. 1943ರಲ್ಲಿ ನಮ್ಮವರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂಶೋಧನೆಗೆ ಸೇರಿದರು. ಯುದ್ಧ ಮುಗಿದ ಮೇಲೆ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ, 1947ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೊರಟರು. ಹಡಗಿನ ಪ್ರಯಾಣವೇ ಸುಮಾರು ಒಂದು ತಿಂಗಳು. ಹದಿನೆಂಟು ಕಿಲೋಮೀಟರಿಗೆ ಹೆದರಿದ ನಮ್ಮ ಮನೆ ನೆನಪಾಗಿ ನಗು ಬಂತು. ಅಲ್ಲಿ ಓದಿ, ವಾಷಿಂಗ್ಟನ್ನಿನ ಅಳತೆ-ಮಾನಕಗಳ ಸಂಸ್ಥೆಯಲ್ಲಿ ಎಂಟು ತಿಂಗಳು ತರಬೇತಿ ಪಡೆದು, ಮತ್ತೆ ಮಿಷಿಗನ್ನಿಗೆ ಮರಳಿ 1953ರಲ್ಲಿ ಡಾಕ್ಟರೇಟ್ ಗಳಿಸಿದರು. ಆಗ ವಯಸ್ಸು ಮೂವತ್ತೊಂದು. ಮದುವೆ ಆದದ್ದೂ ಅದೇ ವರ್ಷ, ತಮ್ಮ ವಿಭಾಗದಲ್ಲೇ ಅಧ್ಯಾಪಕರಾಗಿದ್ದ ಶಿಶಿರ್ ಕುಮಾರ್ ಚಟರ್ಜಿಯವರೊಡನೆ. ಹೆಚ್ಚು ಓದಿದ ಗಂಡು ಎಲ್ಲಿ ಸಿಗುತ್ತಾನೆ ಎಂಬ ಅಜ್ಜಿಯ ಪ್ರಶ್ನೆಗೆ ಉತ್ತರ ಪಕ್ಕದ ಕೋಣೆಯಲ್ಲೇ ಇತ್ತು!

ಗಂಡ ಹೆಂಡತಿ ಸೇರಿ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು. ರಾಜೇಶ್ವರಿಯವರು ವಿಭಾಗದ ಮುಖ್ಯಸ್ಥರಾದರು, ಆಂಟೆನಾಗಳ ಬಗ್ಗೆ ಪುಸ್ತಕಗಳನ್ನು ಬರೆದರು, ಇಪ್ಪತ್ತು ಮಂದಿಯನ್ನು ಡಾಕ್ಟರೇಟಿಗೆ ತಯಾರು ಮಾಡಿ 1982ರಲ್ಲಿ ನಿವೃತ್ತರಾದರು. ಬಹುಮಾನಗಳೂ ಬಂದವು, ಪಟ್ಟಿ ಬೇಡ. ಅವರನ್ನು ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎನ್ನುತ್ತಾರೆ. ಅದೇ ಸಂಸ್ಥೆಯಲ್ಲಿ 1956ರಲ್ಲಿ ಪಿ. ಎಲ್. ಭಟ್ನಾಗರ್ ಅವರು ಅನ್ವಯಿಕ ಗಣಿತಕ್ಕೆ ಬೇರೆ ವಿಭಾಗವನ್ನೇ ಆರಂಭಿಸಿದರು. ಈಕೆ ಅಲ್ಲಿ ಕೂತವರಲ್ಲ. ನನ್ನ ಲೆಕ್ಕದಲ್ಲಿ ಮಾತ್ರ ಈಕೆ ಗಣಿತದವರೇ.

ಯಾಕೆ ಎಂದು ಮಕ್ಕಳಿಗೆ ಹೇಗೆ ಹೇಳುವುದು? ಮರುದಿನ ಬಿಸಿಯೂಟದ ಕೋಣೆಯಿಂದ ಒಂದು ಪಾತ್ರೆ ನೀರು ತರಿಸಿದೆ. ಅಂಚಿಗೆ ಬೆರಳಿನಿಂದ ತಟ್ಟಿದರೆ ನೀರಿನ ಮೇಲೆ ಗೆರೆಗಳು ಮೂಡುತ್ತವೆ. ದುಂಡು ಪಾತ್ರೆಯಲ್ಲಿ ಒಂದು ಬಗೆ, ಚೌಕದ ಟ್ರೇಯಲ್ಲಿ ಇನ್ನೊಂದು. ನೀರು ಅದೇ, ತಟ್ಟಿದ್ದೂ ಅದೇ ಬೆರಳು, ಅಂಚು ಮಾತ್ರ ಬೇರೆ. ಆ ಅಂಚಿನ ಆಕಾರವನ್ನಷ್ಟೇ ಹೇಳಿದರೆ, ಯಾವ ಗೆರೆ ಎಲ್ಲಿ ಮೂಡಬಹುದು ಎಂದು ತಟ್ಟುವ ಮೊದಲೇ ಸಮೀಕರಣ ಬಿಡಿಸಿ ಹೇಳಬಹುದು. ರೇಡಿಯೋ ಅಲೆ ಕಣ್ಣಿಗೂ ಕಾಣುವುದಿಲ್ಲ. ಅದು ಕೊಳವೆಯೊಳಗೆ ಹೇಗೆ ಸಾಗುತ್ತದೆ, ಕಡ್ಡಿಯ ತುದಿಯಿಂದ ಯಾವ ಕಡೆಗೆ ಹೊರಡುತ್ತದೆ ಎಂಬುದನ್ನು ಮ್ಯಾಕ್ಸ್‌ವೆಲ್ ಎಂಬಾತ 1860ರ ದಶಕದಲ್ಲಿ ಕೊಟ್ಟ ಸಮೀಕರಣಗಳಿಂದ ಲೆಕ್ಕ ಹಾಕಿ, ಆಮೇಲೆ ಪ್ರಯೋಗಾಲಯದಲ್ಲಿ ಅಳೆದು ನೋಡುವುದು. ರಾಜೇಶ್ವರಿಯವರು ಜೀವಮಾನವಿಡೀ ಮಾಡಿದ್ದು ಇದನ್ನು.

ನಮ್ಮ ಅಡುಗೆಮನೆಗಳಿಗೆ ಬಂದಿರುವ ಮೈಕ್ರೋವೇವ್ ಓವನ್ನಿನಲ್ಲೂ ಅದೇ ಜಾತಿಯ ಅಲೆ. ಉದ್ದ ಸುಮಾರು 12 ಸೆಂಟಿಮೀಟರ್, ಒಂದು ಸಾರಿನ ಬಟ್ಟಲಿನಷ್ಟು. ಬಾಗಿಲ ಗಾಜಿನ ಹಿಂದೆ ಸಣ್ಣ ತೂತಿನ ಲೋಹದ ಜಾಲರಿ ಇರುತ್ತದಲ್ಲ, ಆ ತೂತುಗಳು ಅಲೆಗಿಂತ ತೀರ ಚಿಕ್ಕವು. ಬೆಳಕಿನ ಅಲೆ ಇನ್ನೂ ಚಿಕ್ಕದಾದ್ದರಿಂದ ದಾಟಿ ಬರುತ್ತದೆ, ಒಳಗಿನ ಉಪ್ಪಿಟ್ಟು ಕಾಣುತ್ತದೆ. ಮೈಕ್ರೋವೇವ್ ದಾಟಲಾರದು. ಸೊಸೆ ಓವನ್ ತಂದಾಗ ಒಂದು ತಿಂಗಳು ಅದರ ಹತ್ತಿರ ಸುಳಿಯದ ನಾನು ಇದನ್ನೆಲ್ಲ ಮಕ್ಕಳಿಗೆ ಗತ್ತಿನಿಂದ ಹೇಳಿದೆ.

ನಿವೃತ್ತಿಯ ನಂತರ ರಾಜೇಶ್ವರಿಯವರು ಮಹಿಳಾ ಅಧ್ಯಯನದ ಕೆಲಸದಲ್ಲಿ ತೊಡಗಿದರು. 'ಎ ಥೌಸಂಡ್ ಸ್ಟ್ರೀಮ್ಸ್' ಎಂಬ ಪುಸ್ತಕ ಬರೆದರು, ಅದು ಅವರದೇ ಬದುಕಿನ ಇತಿಹಾಸ. ಹುಡುಗಿಯಾಗಿದ್ದಾಗ ಬಿಟ್ಟುಕೊಟ್ಟ ವಿಷಯ ಮುಪ್ಪಿನಲ್ಲಿ ಮರಳಿ ಕೈಗೆ ಬಂತೆಂದು ನನಗೆ ಸಂತೋಷ. 2010ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮಗಳು ಇಂದಿರಾ ಅಮೆರಿಕದ ನೆವಾಡಾದಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು.

ಪ್ರಶ್ನೆ ಕೇಳಿದ ಹುಡುಗಿ ಆ ವಾರವೇ 444 ಮೀಟರನ್ನು ಹೆಜ್ಜೆ ಹಾಕಿ ಅಳೆದು ಬಂದಳು. ಶಾಲೆಯ ಗೇಟಿನಿಂದ ಹೊರಟು ಬಸ್ ಸ್ಟಾಪು ದಾಟಿ ಹಿಟ್ಟಿನ ಗಿರಣಿಯವರೆಗೆ. "ಮಿಸ್, ಅಷ್ಟುದ್ದ ಒಂದೇ ಅಲೆ!" ಎಂದಳು. ಆ ಉಸಿರು ಬಿಗಿಹಿಡಿದ ದನಿ ನನಗೆ ಪರಿಚಯವಿತ್ತು.

ಪರೀಕ್ಷೆ ಮುಗಿದ ಮೇಲೆ ಅವಳ ಮನೆಗೆ ಹೋಗಿದ್ದೆ. ಸೈನ್ಸ್ ಕೊಡಿಸಿ ಎಂದೆ. ಅವಳಪ್ಪ ಒಳ್ಳೆಯವರು, ಕಾಫಿ ತರಿಸಿದರು. "ಶಿವಮೊಗ್ಗ ಅಂದ್ರೆ ಪ್ರಾಕ್ಟಿಕಲ್ ಮುಗಿಸಿ ಬರೋದು ಕತ್ತಲಾಗುತ್ತಲ್ಲ ಮೇಡಂ. ಪ್ರಾಕ್ಟಿಕಲ್ ಇಲ್ಲದ್ದು ಯಾವುದಾದ್ರೂ ಇಲ್ವಾ?" ಎಂದರು. ನಲವತ್ತು ವರ್ಷದಲ್ಲಿ ಒಂದು ಪದವೂ ಬದಲಾಗಿರಲಿಲ್ಲ. ಆದರೆ ಈ ಸಲ ನಾನು ತಯಾರಾಗಿ ಹೋಗಿದ್ದೆ. ನಾಲ್ಕೂವರೆಯಿಂದ ಏಳರವರೆಗೆ ಶಿವಮೊಗ್ಗ ಬಿಡುವ ಬಸ್ಸುಗಳ ವೇಳೆಯನ್ನೆಲ್ಲ ಬರೆದ ಚೀಟಿ ಪರ್ಸಿನಲ್ಲಿತ್ತು. "ನಾನು ಆ ಹೊತ್ತಿಗೆ ಈ ಕಡೆಯಿಂದ ಹೋಗ್ತಿರ್ತೀನಿ, ಇವಳು ಆ ಕಡೆಯಿಂದ ಬರ್ತಿರ್ತಾಳೆ. ದಾರೀಲಿ ದಿನಾ ಎದುರಾಗ್ತೀವಿ" ಎಂದೆ.

ಅವರು ಚೀಟಿಯನ್ನು ಎರಡು ಸಲ ಓದಿದರು. ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು, "ಐದು ಇಪ್ಪತ್ತರದ್ದು ನಮ್ಮ ಸ್ಟಾಪಲ್ಲಿ ನಿಲ್ಲುತ್ತಾ?" ಎಂದು ಕೇಳಿದರು.