ಗುಳೆ ಹೋದವರು, ಎಕ್ಸ್‌ಪ್ಯಾಟ್ ಆದವರು

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ವಾಸವಾಗಿರುವ ನಮಗೆ ಊರು ಬಿಡುವವರನ್ನು ನೋಡುವುದು ಹೊಸದಲ್ಲ. ಹೊರ್ತಿ, ಝಳಕಿ ದಾಟಿ ಧೂಳಖೇಡದ ಬಳಿ ಭೀಮಾ ನದಿ ದಾಟಿದರೆ ಮಹಾರಾಷ್ಟ್ರ. ಕಬ್ಬು ಕಡಿಯುವ ಗ್ಯಾಂಗುಗಳು, ಪುಣೆ-ಮುಂಬಯಿಯ ಕಟ್ಟಡ ಕೆಲಸದವರು ಹಾಸಿಗೆ-ಪಾತ್ರೆ ಸಮೇತ ಈ ರಸ್ತೆಯಲ್ಲೇ ಹೋಗುತ್ತಾರೆ. 'ದುಡಿಯಾಕ ಹೋಗ್ಯಾರ' ಎಂದರೆ ನಮ್ಮಲ್ಲಿ ಮತ್ತೆ ಏನನ್ನೂ ಕೇಳಬೇಕಾಗಿಲ್ಲ.

ನಮ್ಮ ಓಣಿಯ ಎರಡು ಮನೆಗಳವರು ಮಾತ್ರ ಸಮುದ್ರ ದಂಡೆಗೆ ಹೋದರು. ಒಂದು ಗೌಂಡಿ ಕುಟುಂಬ. ಅವರು ಬೆಳಗಾವಿ ಮೇಲೆ ಗೋವಾದ ವಾಸ್ಕೋ ಪಟ್ಟಣದ ಬೈನಾ ಕಡಲ ದಂಡೆಗೆ ಹೋದವರು. ಇನ್ನೊಂದು ಮನೆಯ ಹುಡುಗ ಸಾಫ್ಟ್‌ವೇರ್ ಕೆಲಸದವನು. ಅವನು ಹೋದದ್ದು ಸ್ಪೇನ್ ದೇಶದ ಮಾಲಗಾ ಪಕ್ಕದ ಟೊರ್ರೆಮೊಲಿನೋಸ್‌ಗೆ, ಮೆಡಿಟರೇನಿಯನ್ ಸಮುದ್ರದ ಮಗ್ಗುಲಿಗೆ. ಬೇರೆ ದೇಶದ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವವರಿಗಾಗಿ ಸ್ಪೇನ್ 2023ರಿಂದ ಪ್ರತ್ಯೇಕ ವೀಸಾ ಕೊಡುತ್ತಿದೆ. ಅಲ್ಲಿನ ಕನಿಷ್ಠ ವೇತನದ ಎರಡು ಪಟ್ಟು ಆದಾಯ ತೋರಿಸಿದರೆ ಬಾಗಿಲು ತೆರೆಯುತ್ತದೆ.

'ಇಲ್ಲಿ ನಮ್ಮಂಥವರಿಗೆ ಎಕ್ಸ್‌ಪ್ಯಾಟ್ ಅಂತಾರ್ರಿ ಚಾಚಾ' ಎಂದು ಆತ ಫೋನಿನಲ್ಲಿ ಹೇಳಿದಾಗ ನಮಗೆ ನಗು ಬಂತು. ಸ್ವಂತ ನಾಡಿನಿಂದ ಹೊರಗಿರುವವನು ಎಂದಷ್ಟೇ ಆ ಪದದ ಅರ್ಥ. ಗೌಂಡಿಯೂ ಅದೇ ಅಲ್ಲವೇ? ಆದರೆ ಗೋವಾದಲ್ಲಿ ಅವನಿಗೆ ಸಿಕ್ಕ ಹೆಸರು 'ಘಾಂಟಿ', ಘಟ್ಟದಾಚೆಯವನು ಎಂಬ ಬೈಗುಳ. ಬಿಸಿಲು ಕಾಯಿಸಿಕೊಳ್ಳಲು ಅದೇ ಗೋವಾಕ್ಕೆ ಬಂದು ತಿಂಗಳುಗಟ್ಟಲೆ ಉಳಿಯುವ ಬಿಳಿಯರನ್ನು ಯಾರೂ ಹಾಗೆ ಕರೆಯುವುದಿಲ್ಲ. ಅವರ ಕಾಲಿನ ಬಳಿ ಕನ್ನಡಿ ಹೊಲಿದ ಚೀಲಗಳನ್ನು ಹರಡಿ ಕೂಡುವ ನಮ್ಮ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳನ್ನು ಮಾತ್ರ ಓಡಿಸುತ್ತಾರೆ.

ಸ್ಪೇನಿನಲ್ಲಿಯೂ ಎಲ್ಲ ಹೊರಗಿನವರು ಎಕ್ಸ್‌ಪ್ಯಾಟ್‌ಗಳಲ್ಲ. ಟೊರ್ರೆಮೊಲಿನೋಸ್‌ನಿಂದ ಕರಾವಳಿ ಹಿಡಿದು ಪೂರ್ವಕ್ಕೆ ಹೋದರೆ ಅಲ್ಮೇರಿಯಾ ಸಿಗುತ್ತದೆ. ಊರಿನ ಹೆಸರೇ ಅರಬ್ಬಿಯದು. ಅಲ್ಲಿ ಕಣ್ಣು ಹಾಯುವಷ್ಟು ದೂರ ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆಗಳು. ಯುರೋಪಿನ ಊಟದ ಮೇಜಿಗೆ ಟೊಮೆಟೊ, ಸೌತೆ ಬೆಳೆಯುವ ಆ ಕಾವಿನೊಳಗೆ ದುಡಿಯುವವರಲ್ಲಿ ಬಹಳಷ್ಟು ಮಂದಿ ಸಮುದ್ರದ ಆಚೆಯ ಮೊರಾಕ್ಕೋದವರು. 2000ದ ಫೆಬ್ರವರಿಯಲ್ಲಿ ಅಲ್ಲಿನ ಎಲ್ ಎಹಿದೋ ಪಟ್ಟಣದಲ್ಲಿ ಮಾನಸಿಕ ಅಸ್ವಸ್ಥನೊಬ್ಬ ಮಾಡಿದ ಕೊಲೆಯ ನೆಪದಲ್ಲಿ ದಿನಗಟ್ಟಲೆ ಇಡೀ ಸಮುದಾಯವನ್ನು ಬೆನ್ನಟ್ಟಿ ಹೊಡೆದರು. ಅಂಗಡಿ, ಗುಡಿಸಲುಗಳಿಗೆ ಬೆಂಕಿ ಇಟ್ಟರು. ಅದೇ ಕಡಲು, ಅದೇ ಬಿಸಿಲು. ನಿವೃತ್ತಿ ಹಣ ತಂದ ಇಂಗ್ಲಿಷರು ಎಕ್ಸ್‌ಪ್ಯಾಟ್, ತೋಳು ಮಾತ್ರ ತಂದ ಮೊರಾಕ್ಕೋದವರು ವಲಸಿಗರು! (ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ, 2021ರಿಂದ, ಇಂಗ್ಲಿಷರೂ ವೀಸಾ ಇಲ್ಲದೆ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದಾಗಿದೆ. ಕಾಗದದ ಬಿಸಿ ಅವರಿಗೂ ತಟ್ಟಿದೆ.)

ಆ ದೇಶಕ್ಕೆ ನೆನಪಿಲ್ಲವೆಂದಲ್ಲ. 1492ರಲ್ಲಿ ತಾನು ಹೊರಗಟ್ಟಿದ ಯಹೂದಿಗಳ ವಂಶಜರಿಗೆ ಪೌರತ್ವ ಕೊಡಲು 2015ರಲ್ಲಿ ಸ್ಪೇನ್ ಕಾನೂನು ಮಾಡಿತು. ಒಳ್ಳೆಯದೇ ಆಯಿತು. ಆದರೆ 1609ರಿಂದ ಹೊರದೂಡಿದ ಮೊರಿಸ್ಕೊಗಳ, ಅಂದರೆ ಬಲವಂತದಿಂದ ಕ್ರೈಸ್ತರಾಗಿಸಲ್ಪಟ್ಟ ಮುಸ್ಲಿಮರ ವಂಶಜರಿಗೆ ಅಂಥ ಕಾನೂನು ಬರಲಿಲ್ಲ.

ಹಳೆಯ ಲೆಕ್ಕ ತೆಗೆದರೆ ಗೋವಾದಲ್ಲಿ ನಮ್ಮದೂ ಒಂದಿದೆ. 1510ರಲ್ಲಿ ಪೋರ್ಚುಗೀಸರು ಗೋವಾವನ್ನು ಕಿತ್ತುಕೊಂಡದ್ದು ಇದೇ ವಿಜಾಪುರದ ಆದಿಲ್‌ಶಾಹಿಗಳಿಂದ. ಪಣಜಿಯಲ್ಲಿ ಮಾಂಡೋವಿ ನದಿಯ ದಂಡೆಯ ಹಳೆಯ ಸಚಿವಾಲಯವನ್ನು ಇಂದಿಗೂ ಆದಿಲ್‌ಶಾಹನ ಅರಮನೆ ಎನ್ನುತ್ತಾರೆ. ಆದರೆ ಅರಮನೆ ತೋರಿಸಿದರೆ ಯಾರೂ ರೇಷನ್ ಕಾರ್ಡು ಕೊಡುವುದಿಲ್ಲ ಬಿಡಿ.

1961ರಲ್ಲಿ ಗೋವಾ ವಿಮೋಚನೆಯಾದ ಮೇಲೆ ಮುರ್ಮುಗಾವ್ ಬಂದರಿಗೆ, ಕಾರ್ಖಾನೆಗಳಿಗೆ, ಮನೆ-ಹೋಟೆಲುಗಳ ಕಟ್ಟಡಕ್ಕೆ ಕೈಗಳು ಬೇಕಾದವು. ವಿಜಾಪುರ, ಬಾಗಲಕೋಟೆ, ಗದಗ ಕಡೆಯ ಬಡವರು ಹೋದರು. ಬೈನಾದ ಮರಳಿನ ಮೇಲೆ ಗುಡಿಸಲು ಹಾಕಿದರು. ಬೈನಾ ಎಂದರೆ ವೇಶ್ಯಾವಾಟಿಕೆ ಎಂಬ ಕೆಟ್ಟ ಹೆಸರು ಬೇರೆ. ಮೀನು ಹೊರುವವರು, ಗಾರೆಯವರು, ಮಕ್ಕಳನ್ನು ಶಾಲೆಗೆ ಕಳಿಸುವವರು ಆ ಹೆಸರಿನಡಿಯಲ್ಲಿ ಕಾಣದೇ ಹೋದರು. 2004ರ ಜೂನ್‌ನಲ್ಲಿ, ಮಳೆಗಾಲದ ಆರಂಭಕ್ಕೇ, ಬುಲ್ಡೋಜರ್ ಬಂತು. 2015ರಲ್ಲಿ, 2017ರಲ್ಲಿ ಮತ್ತೆ ಬಂತು. ಕಡಲ ದಂಡೆಯ ಸರ್ಕಾರಿ ಜಾಗದ ಅತಿಕ್ರಮಣ ಎಂಬುದು ಕಾರಣ. ದಂಡೆ ಸರ್ಕಾರದ್ದೇ ಇರಬಹುದು. ದುಡಿಯಲು ಕರೆಸಿಕೊಂಡ ಊರು ಮಲಗಲು ಎಲ್ಲಿ ಜಾಗ ತೋರಿಸಿತ್ತು ಎಂಬುದು ನಮ್ಮ ಪ್ರಶ್ನೆ.

ನಮ್ಮ ಗೌಂಡಿ 2017ರಲ್ಲಿ ತಿರುಗಿ ಬಂದ. ಮಗಳಿಗೆ ಕೊಂಕಣಿ ಚೆನ್ನಾಗಿ ಬರುತ್ತದೆ, ಕನ್ನಡ ಓದಲು ತಡವರಿಸುತ್ತಾಳೆ. 'ನಮ್ಮೂರು ಯಾವ್ದಬ್ಬಾ?' ಎಂದು ತಂದೆಯನ್ನು ಕೇಳುತ್ತಿದ್ದುದನ್ನು ನಾವೇ ಕೇಳಿದ್ದೇವೆ.

ಸ್ಪೇನಿನ ಹುಡುಗ ಹೇಳಿದ ಒಂದು ವಿಷಯ ಮಾತ್ರ ನಮ್ಮ ಮನಸ್ಸಿನಲ್ಲಿ ಉಳಿದಿದೆ. ಊರಿಗೆ ಹೋದೊಡನೆ ಅವನು ಮಾಡಿದ ಕೆಲಸ ಪುರಸಭೆಗೆ ಹೋಗಿ 'ಪಾದ್ರೋನ್' ಎಂಬ ವಾಸಿಗಳ ದಫ್ತರದಲ್ಲಿ ಹೆಸರು ಬರೆಸಿದ್ದು. ಅಲ್ಲಿನ ಕಾನೂನಿನ ಪ್ರಕಾರ ವೀಸಾ ಇದ್ದವರು, ಇಲ್ಲದವರು ಎಲ್ಲರೂ ತಾವು ವಾಸಿಸುವ ಊರಿನಲ್ಲಿ ಹೆಸರು ಬರೆಸಬಹುದು, ಬರೆಸಬೇಕು. ಹಸಿರುಮನೆಯ ಕೂಲಿಗೂ ಆ ಹಕ್ಕಿದೆ. ಅವನಿಗೆ ಅದನ್ನು ಪಡೆಯುವುದು ಸುಲಭವಲ್ಲ ನಿಜ, ಆದರೂ ಹಕ್ಕು ಹಕ್ಕೇ. ಮುಂದೆ ವಾಸಕ್ಕೆ ಅದೇ ಪುರಾವೆ.

ಗೋವಾದಲ್ಲಿ ಸರ್ಕಾರಿ ನೌಕರಿಗೆ, ಹಲವು ಯೋಜನೆಗಳಿಗೆ 15 ವರ್ಷದ ವಾಸದ ಪ್ರಮಾಣಪತ್ರ ಬೇಕು. ಗೌಂಡಿಯ ದೊಡ್ಡ ಮಗ ಮತ್ತೆ ವಾಸ್ಕೋಕ್ಕೆ ಹೋಗಿದ್ದಾನೆ. ಈಗ ದಂಡೆಯ ಮೇಲಲ್ಲ, ಜುವಾರಿನಗರದ ಬಾಡಿಗೆ ಖೋಲಿಯಲ್ಲಿ. ಕರಾರು ಪತ್ರ ಬರೆದುಕೊಡಲು ಖೋಲಿಯ ಮಾಲೀಕ ಒಪ್ಪುತ್ತಿಲ್ಲವಂತೆ. 'ಕಾಗದ ಇಲ್ಲಂದ್ರ ಹದಿನೈದು ವರ್ಷ ಎಂದಿನಿಂದ ಎಣಸ್ತಾರ್ರಿ ಚಾಚಾ?' ಎಂದು ಮೊನ್ನೆ ಫೋನಿನಲ್ಲಿ ಕೇಳಿದ.